‘ಬಾವಿ ಮುಚ್ಚಬೇಕೆ?’ ಅಂದರೆ ಏನು ಕೇಳಿದ ಹಾಗೆ?

ಬಲ್ಲವರಲ್ಲಿ ಒಂದು ಪ್ರಶ್ನೆ. ‘ಬಾವಿಯನ್ನು ಮುಚ್ಚಬೇಕೆ?’ ಅಂತ ಒಂದು ಚೀಟಿಯಲ್ಲಿ ಬರೆದಿದ್ದರೆ ನಿಮ್ಮ ಕಣ್ಣಿಗೆ ಮೊದಲು ಏನು ಬರುತ್ತದೆ? ಬಾವಿಯ ಮೇಲೊಂದು ಕಬ್ಬಿಣದ ಜಾಲರಿಯೋ, ಬಾವಿಯೊಳಗೆ ನಾಲ್ಕು ಲೋಡ್ ಮಣ್ಣೋ? ಯೋಚನೆ ಮಾಡದೆ ಥಟ್ಟನೆ ಹೇಳಿ. ಆಮೇಲೆ ಮುಂದೆ ಓದಿ.

ಮೈಸೂರಿನ ಹಳೇ ಅಗ್ರಹಾರದ ಕಡೆ ನಮ್ಮದೊಂದು ಸಣ್ಣ ಬೀದಿ. ಬೀದಿ ಕೊನೆಯಲ್ಲಿ ಕಲ್ಲು ಕಟ್ಟಿದ ಬಾವಿ ಇದೆ. ನಲ್ಲಿ ಬಂದ ಮೇಲೆ ಯಾರೂ ನೀರು ಸೇದುವುದಿಲ್ಲ. ರಾಟೆ ಎಂದೋ ಹೋಯಿತು, ಅದರ ಎರಡು ಕಂಬ ಮಾತ್ರ ನಿಂತಿವೆ. ಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರಿನೊಳಗೆ ಹೆಬ್ಬೆರಳು ಸಲೀಸಾಗಿ ಕೂರುತ್ತದೆ. ಹೋದ ಮಳೆಗಾಲದಲ್ಲಿ ಅದಕ್ಕೊಂದು ನಾಯಿಮರಿ ಬಿತ್ತು. ಹುಡುಗರು ಬುಟ್ಟಿ ಬಿಟ್ಟು ಎತ್ತಿದರು. ಅವತ್ತಿನಿಂದ ಬಾವಿಗೆ ಏನಾದರೂ ಮಾಡಬೇಕು ಅಂತ ಮಾತು ಶುರುವಾಯಿತು. ಮನೆಗೊಂದು ಚೀಟಿ ಹಂಚಿ ಮತ ಹಾಕಿಸೋಣ ಎಂದರು ಬೀದಿಯ ಸಂಘದವರು. ಒಳ್ಳೆಯದೇ. ಆದರೆ ಜಗಳ ಬಾವಿಯ ಬಗ್ಗೆ ಆಗುವ ಬದಲು ಚೀಟಿಯ ಬಗ್ಗೆ ಆಯಿತು.

ಮೊದಲ ಚೀಟಿ ಹೀಗಿತ್ತು: ‘ಜನಮತಗಣನೆ. ಬೀದಿ ಕೊನೆಯ ಪಾಳುಬಾವಿಯನ್ನು ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ಮುಚ್ಚಲು ತಮ್ಮ ಅಭ್ಯಂತರವಿದೆಯೇ? ಹೌದು / ಇಲ್ಲ.’

ತಲೆಬರಹದಲ್ಲೇ ಎಡವಿದರು. ‘ಗಣನೆ’ ನೋಡಿ ಪಕ್ಕದ ಮನೆಯವರು ಮತ್ತೆ ಗಣತಿಯವರು ಬರ್ತಾರಾ, ರೇಷನ್ ಕಾರ್ಡ್ ತೆಗೆದಿಡಬೇಕಾ ಅಂತ ಕೇಳಿದರು. ‘ಮತ’ವೂ ಏನು ಕಮ್ಮಿಯಲ್ಲ. ಓಟೂ ಮತ, ಅಭಿಪ್ರಾಯವೂ ಮತ, ಧರ್ಮವೂ ಮತ. ಜನಮತಗಣನೆ ಪತ್ರಿಕೆಯ ಭಾಷೆಗೆ ಸರಿ, ದೇಶ ದೇಶಗಳ ಸುದ್ದಿಗೆ ಸರಿ. ಒಂದು ಬೀದಿಗೆ ‘ಬಾವಿಯ ಬಗ್ಗೆ ನಿಮ್ಮ ಓಟು’ ಸಾಕು ಅಂದೆ. ಅಷ್ಟು ಬೇಗ ಒಪ್ಪಿದರು. ಅಲ್ಲಿಂದ ಮುಂದೆ ಒಂದನ್ನೂ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ.

‘ಅಭ್ಯಂತರವಿದೆಯೇ’ಗೆ ‘ಹೌದು’ ಅಂದರೆ ಬಾವಿ ಮುಚ್ಚಬೇಡಿ ಎಂದ ಹಾಗೆ. ಮುಚ್ಚಿ ಅನ್ನುವವರು ‘ಇಲ್ಲ’ಕ್ಕೆ ಗುರುತು ಹಾಕಬೇಕು. ಇದು ಬೇಕಂತ ಮಾಡಿದ್ದಲ್ಲ, ಆಫೀಸಿನ ಭಾಷೆಯ ಚಾಳಿ. ನಿವೃತ್ತರಾಗಿ ಹತ್ತು ವರ್ಷವಾದರೂ ಕಾರ್ಯದರ್ಶಿಗಳ ಕೈಯಿಂದ ಕಡತ ಬಿದ್ದಿಲ್ಲ. ‘ಪಾಳುಬಾವಿ’ಯಂತೂ ತೀರ್ಪೇ. ನೀರಿರುವ ಬಾವಿಯನ್ನು ಯಾರಾದರೂ ಪಾಳು ಅಂತಾರಾ?

ಎರಡನೇ ಚೀಟಿಗೆ ‘ಬಾವಿಯನ್ನು ಮುಚ್ಚಲು ನೀವು ಒಪ್ಪುತ್ತೀರಾ?’ ಅಂತ ಬಂತು. ನಾನು ಸ್ಕಾಟ್ಲೆಂಡಿನ ಕಥೆ ಹೇಳಿದೆ. ಅಲ್ಲಿ 2014ರಲ್ಲಿ ಸ್ವಾತಂತ್ರ್ಯದ ಪ್ರಶ್ನೆಗೆ ಜನಮತಗಣನೆ ಆಯಿತಲ್ಲ, ಅದರ ಮೊದಲ ಕರಡಿನಲ್ಲೂ ‘ಒಪ್ಪುತ್ತೀರಾ’ ಇತ್ತು. ಹಾಗೆ ಕೇಳಿದರೆ ಜನ ‘ಹೌದು’ ಕಡೆಗೆ ವಾಲುತ್ತಾರೆ ಅಂತ ಅಲ್ಲಿನ ಚುನಾವಣಾ ಆಯೋಗ 2013ರಲ್ಲಿ ಅದನ್ನು ತೆಗೆಸಿತು. ಬರೀ ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ?’ ಉಳಿಯಿತು. ‘ಬಾವಿಗೂ ಬ್ರಿಟನ್ನಿಗೂ ಏನ್ರೀ ಸಂಬಂಧ?’ ಅಂದರು ಕಾರ್ಯದರ್ಶಿಗಳು. ಸಂಬಂಧ ಇದೆ. ಮನೆ ಬಾಗಿಲಿಗೆ ಬಂದು ‘ಒಪ್ತೀರಲ್ವಾ’ ಅಂದರೆ ಮುಖಕ್ಕೆ ಹೊಡೆದ ಹಾಗೆ ಒಲ್ಲೆ ಅನ್ನೋದು ಮೈಸೂರಿನವರಿಗೆ ಬರುವುದಿಲ್ಲ. ‘ಆಗಲಿ, ನೋಡೋಣ’ ಅಂತಾರೆ. ಅದಕ್ಕೆ ಚೀಟಿಯಲ್ಲಿ ಜಾಗ ಇಲ್ಲ.

ಮೂರನೇ ಚೀಟಿ: ‘ಬಾವಿಯನ್ನು ಮುಚ್ಚಬೇಕೆ? ಹೌದು / ಇಲ್ಲ.’ ಚಿಕ್ಕದಾಗಿದೆ, ಸರಿಯಾಗಿದೆ ಅಂತ ಎಲ್ಲರಿಗೂ ಅನ್ನಿಸಿತು. ನನಗೂ. ಎದುರುಮನೆ ಅಜ್ಜಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, ‘ನಾನೇ ತಾನೇ ಮೊದಲು ಮುಚ್ಚಿ ಅಂದಿದ್ದು, ಇದರಲ್ಲಿ ಕೇಳೋದೇನಿದೆ?’ ಅಂದರು. ‘ಹಾಗಾದ್ರೆ ಎಷ್ಟು ಲೋಡ್ ಮಣ್ಣು ಬೇಕಾಗತ್ತೆ ಅಜ್ಜಿ?’ ಅಂದೆ. ಅಜ್ಜಿ ಚೀಟಿ ಕೆಳಗಿಟ್ಟರು. ‘ಮಣ್ಣಾ? ಮಣ್ಣು ಯಾಕಪ್ಪಾ? ಒಂದು ಜಾಲರಿ ಹಾಕಿ ಮುಚ್ಚಿ ಅಂದೆ. ಗಂಗೆಗೆ ಮಣ್ಣು ಹಾಕ್ತಾರೇನೋ?’

ಅಲ್ಲಿಗೆ ನಿಂತಿತು ಕೆಲಸ. ಕಾರ್ಯದರ್ಶಿಗಳ ಮನಸ್ಸಿನಲ್ಲಿದ್ದದ್ದು ಮಣ್ಣು. ಮುಚ್ಚಿದ ಜಾಗದಲ್ಲಿ ನಾಲ್ಕು ಕಾರು ನಿಲ್ಲಿಸಬಹುದು ಅನ್ನೋದು ಅವರ ಲೆಕ್ಕ. ಇಬ್ಬರೂ ‘ಹೌದು’ಗೇ ಗುರುತು ಹಾಕುವವರು. ಎಣಿಸುವಾಗ ಇಬ್ಬರೂ ಒಂದೇ ಪಕ್ಷ.

ಇನ್ನು ಪದದ ವಿಷಯಕ್ಕೆ ಬರೋಣ. ‘ಮುಚ್ಚು’ ಪದದ ನೆಂಟರನ್ನು ನೋಡಿ: ಮುಚ್ಚಳ, ಮುಚ್ಚಿಗೆ, ಮುಚ್ಚುಮರೆ. ಎಲ್ಲವೂ ಮೇಲಿಂದ ಹೊದಿಸುವ, ಕಾಣದಂತೆ ಮಾಡುವ ಅರ್ಥದವೇ. ಒಳಗೆ ತುಂಬುವ ಅರ್ಥ ಇವುಗಳಲ್ಲಿ ಇಲ್ಲ. ಈ ಲೆಕ್ಕಕ್ಕೆ ಅಜ್ಜಿ ಗೆದ್ದರು. ಆದರೆ ಬಳಕೆಯಲ್ಲಿ ‘ರಸ್ತೆ ಗುಂಡಿ ಮುಚ್ಚಿ’ ಅಂದಾಗ ಯಾರೂ ಗುಂಡಿಗೆ ತಟ್ಟೆ ಮುಚ್ಚಲು ಹೇಳುತ್ತಿಲ್ಲ, ಜಲ್ಲಿ ಡಾಂಬರು ತುಂಬಲು ಹೇಳುತ್ತಿದ್ದಾರೆ. ‘ಸಾರಿನ ಪಾತ್ರೆ ಮುಚ್ಚು’ ಅಂದರೆ ಮುಚ್ಚಳವೇ. ಅಂದರೆ ಅರ್ಥ ಕ್ರಿಯಾಪದದಲ್ಲಿಲ್ಲ, ಎದುರಿಗಿರುವ ವಸ್ತುವಿನಲ್ಲಿದೆ. ಗುಂಡಿಯಾದರೆ ತುಂಬು, ಪಾತ್ರೆಯಾದರೆ ಹೊದಿಸು. ಬಾವಿ ಅಜ್ಜಿಗೆ ಪಾತ್ರೆ, ಕಾರ್ಯದರ್ಶಿಗಳಿಗೆ ಗುಂಡಿ. ಜಗಳದ ಬೇರು ಇದೇ ಅಂತ ನನ್ನ ಅನಿಸಿಕೆ.

‘ಕೊಳವೆ ಬಾವಿ ಮುಚ್ಚಿ’ ಅನ್ನುವುದರಲ್ಲೂ ಇದೇ ಗೋಜಲಿದೆ. ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಎರಡೂ ಇವೆ: ಕೊಳವೆಯ ಬಾಯಿಗೆ ಉಕ್ಕಿನ ತಟ್ಟೆ ಬೆಸೆಯುವುದು ಅಥವಾ ಗಟ್ಟಿ ಮುಚ್ಚಳ ಹಾಕುವುದು, ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಹಾಕಿ ತುಂಬುವುದು. ಕನ್ನಡದಲ್ಲಿ ಎರಡಕ್ಕೂ ಒಂದೇ ‘ಮುಚ್ಚಿ’.

ಹಾಗಾದರೆ ಮಣ್ಣು ತುಂಬುವುದಕ್ಕೆ ಬೇರೆ ಪದ ಹುಡುಕೋಣ ಅಂತ ಕೂತೆವು. ‘ತುಂಬಿಸು’? ಮದ್ದೂರಿನ ಕಡೆಯ ಗೆಳೆಯನೊಬ್ಬ ನಕ್ಕುಬಿಟ್ಟ. ನಾಲೆಗೆ ನೀರು ಬಿಟ್ಟು ಕೆರೆಕಟ್ಟೆ ತುಂಬಿಸಿ ಅಂತ ಮಂಡ್ಯದ ರೈತರು ಕೇಳೋದನ್ನು ಕೇಳಿ ಬೆಳೆದವನು. ‘ಬಾವಿ ತುಂಬಿಸಬೇಕಾ ಅಂತ ಕೇಳು, ನಮ್ಮೂರಲ್ಲಿ ನೂರಕ್ಕೆ ನೂರು ಓಟು ಬೀಳ್ತವೆ’ ಅಂದ. ‘ಹೂಳು’ ಅಂದರೆ ಹೆಣ ನೆನಪಾಗುತ್ತದೆ. ಸಾಲದ್ದಕ್ಕೆ ಬಾವಿಯ ಹೂಳು ಎತ್ತುವುದೇ ಬೇರೆ ಕೆಲಸ. ‘ಮಣ್ಣು ಹಾಕು’ ಅಂದರೆ ಬಾಯಿಗೆ ಮಣ್ಣು ಹಾಕಿದ ನೆನಪು, ಅಜ್ಜಿಯ ಪಕ್ಷಕ್ಕೆ ಪುಕ್ಕಟೆ ಪ್ರಚಾರ. ‘ಮುಚ್ಚಿಹಾಕು’ ಅಂದರೆ ಬಾವಿಯಲ್ಲಿ ಏನೋ ಹಗರಣ ನಡೆದಿದೆ ಅನ್ನಿಸುತ್ತದೆ. ಟ್ರ್ಯಾಕ್ಟರ್ ಓಡಿಸುವವರು ಹೇಳುವುದು ‘ಮಣ್ಣು ಹೊಡೆಸೋದು’ ಅಂತ. ‘ನಾಲ್ಕು ಲೋಡ್ ಹೊಡೆಸಿದ್ರೆ ಆಯ್ತು ಸಾರ್.’ ಇಡೀ ಚರ್ಚೆಯಲ್ಲಿ ಯಾವ ಅನುಮಾನಕ್ಕೂ ಎಡೆಯಿಲ್ಲದ ಮಾತು ಅದೊಂದೇ. ಆದರೆ ಚೀಟಿಯಲ್ಲಿ ಅದನ್ನು ಬರೆಯಲು ಕಾರ್ಯದರ್ಶಿಗಳು ಒಪ್ಪುತ್ತಿಲ್ಲ.

ಉತ್ತರದ ಭಾಗ ಇನ್ನೂ ಮೋಜಿನದು. ‘ಹೌದು / ಇಲ್ಲ’ ಅನ್ನುವ ಜೋಡಿ ನಮ್ಮದಲ್ಲ ಅಂತ ನನ್ನ ಗಟ್ಟಿ ನಂಬಿಕೆ. ಇಂಗ್ಲಿಷಿಗೆ ‘ನೋ’ ಒಂದೇ. ನಮಗೆ ಮೂರಿವೆ. ‘ಊಟ ಆಯ್ತಾ?’ ‘ಇಲ್ಲ.’ ‘ಇದು ನಿಮ್ಮ ಚಪ್ಪಲಿನಾ?’ ‘ಅಲ್ಲ.’ ‘ಇನ್ನೊಂದು ಹೋಳಿಗೆ ಹಾಕ್ಲಾ?’ ‘ಬೇಡ.’ ಹೋಳಿಗೆಗೆ ಯಾರೂ ‘ಇಲ್ಲ’ ಅನ್ನುವುದಿಲ್ಲ. ‘ಮುಚ್ಚಬೇಕೆ?’ ಅಂತ ಕೇಳಿದ ಮೇಲೆ ಉತ್ತರ ‘ಮುಚ್ಚಬೇಕು’ ಅಥವಾ ‘ಮುಚ್ಚಬೇಡಿ’ ಆಗಬೇಕಲ್ವಾ? ಬ್ರಿಟನ್ನಿನವರು ಕೂಡ 2016ರಲ್ಲಿ ಯುರೋಪಿನ ಒಕ್ಕೂಟದ ಪ್ರಶ್ನೆಗೆ ಹೌದು–ಇಲ್ಲ ಬಿಟ್ಟು ‘ಸದಸ್ಯರಾಗಿ ಉಳಿಯಬೇಕು’, ‘ಬಿಟ್ಟು ಹೋಗಬೇಕು’ ಅಂತ ಪೂರ್ತಿ ಮಾತನ್ನೇ ಅಚ್ಚು ಹಾಕಿದರು. ಗೋವಾದಲ್ಲಿ 1967ರ ಜನವರಿಯಲ್ಲಿ ಮಹಾರಾಷ್ಟ್ರಕ್ಕೆ ಸೇರಬೇಕೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕೋ ಅಂತ ಕೇಳಿದಾಗ ಗುರುತುಗಳನ್ನೇ ಕೊಟ್ಟಿದ್ದರು. ಸೇರುವುದಕ್ಕೆ ಹೂವು, ಇರುವುದಕ್ಕೆ ಎರಡು ಎಲೆ. ಎಲೆ ಗೆದ್ದಿತು. ನಮ್ಮ ಚೀಟಿಗೂ ಒಂದು ಜಾಲರಿ, ಒಂದು ಮಣ್ಣಿನ ಬಾಂಡ್ಲಿ ಬರೆಸೋಣ ಅಂದೆ. ತಮಾಷೆ ಅಂದುಕೊಂಡರು. ನಾನು ತಮಾಷೆಗೆ ಹೇಳಿರಲಿಲ್ಲ.

‘ಬೇಕೆ’ಯ ಮೇಲೂ ಒಂದು ಅನುಮಾನ. ನಮ್ಮ ಕಡೆ ‘ಇದೆಲ್ಲಾ ಬೇಕಾ?’ ಅಂದರೆ ಪ್ರಶ್ನೆಯೇ ಅಲ್ಲ, ಬೈಗುಳ. ಇನ್ನು ‘ಬೇಕೇ’ ಅಂತ ದೀರ್ಘ ಎಳೆದು, ಪ್ರಶ್ನಾರ್ಥಕ ಚಿಹ್ನೆ ಬಿಟ್ಟರೆ ‘ಬೇಕೇ ಬೇಕು’ ಅನ್ನುವ ಘೋಷಣೆಯ ಅರ್ಧ ಆಗುತ್ತದೆ. ಜೆರಾಕ್ಸಿನಲ್ಲಿ ಆ ಚಿಹ್ನೆ ಮಾಸಿದರೆ ಕೇಳಿದ್ದು ಹೋಗಿ ಹಕ್ಕೊತ್ತಾಯ ಆಯಿತು. ಅದಕ್ಕೇ ‘ಬೇಕೆ’ ಬಿಟ್ಟು ‘ಏನು ಮಾಡೋಣ?’ಗೆ ಬಂದಿದ್ದೇವೆ. ಈಗಿನ ಕರಡು ಹೀಗಿದೆ:

‘ಬೀದಿ ಕೊನೆಯ ಬಾವಿಗೆ ಏನು ಮಾಡೋಣ? ಮೇಲೆ ಜಾಲರಿ ಹಾಕಿ ಉಳಿಸೋಣ / ಒಳಗೆ ಮಣ್ಣು ತುಂಬಿ ಮಟ್ಟ ಮಾಡೋಣ.’

‘ಉಳಿಸೋಣ’ ಅನ್ನುವುದು ನಿಮ್ಮ ಪಕ್ಷದ ಭಾಷಣ ಅಂದರು ಕಾರ್ಯದರ್ಶಿಗಳು. ನಿಜ ಹೇಳಬೇಕೆಂದರೆ ಅವರು ಹೇಳಿದ್ದು ಸರಿ, ಅದನ್ನು ಸೇರಿಸಿದ್ದು ನಾನೇ. ತೆಗೆಯುತ್ತೇನೆ. ‘ಮಟ್ಟ ಮಾಡೋಣ’ ಅನ್ನುವುದು ಯಾರನ್ನೋ ಮಟ್ಟ ಹಾಕಿದ ಹಾಗೆ ಕೇಳುತ್ತದೆ ಅಂತ ಅಜ್ಜಿಯ ಸೊಸೆ ಅಂದರು. ಅದೂ ಹೋಗಲಿ. ‘ಈಗಿರುವ ಹಾಗೇ ಬಿಡೋಣ’ ಅಂತ ಮೂರನೆಯದೊಂದು ಸೇರಿಸಿ ಅಂತ ಕೆಲವರು ಕೇಳುತ್ತಿದ್ದಾರೆ. ಸೇರಿಸಿದರೆ ಮಣ್ಣು ಬೇಡ ಅನ್ನುವವರ ಓಟು ಎರಡು ಪಾಲಾಗಿ ಮಣ್ಣು ಗೆಲ್ಲುತ್ತದೆ. ಇದು ಪದದ ವಿಷಯ ಅಲ್ಲ, ಬಿಡಿ.

ನನಗೆ ನಿಮ್ಮಿಂದ ಬೇಕಾದದ್ದು ಎರಡು. ನಿಮ್ಮ ಊರಲ್ಲಿ ಬಾವಿಗೆ ಮಣ್ಣು ತುಂಬುವುದಕ್ಕೆ, ಬೈಗುಳವೂ ಆಗದ ಹೊಗಳಿಕೆಯೂ ಆಗದ ಒಂದು ಮಾತು ಇದೆಯೇ? ಮತ್ತೆ, ಮೊದಲ ಸಾಲಿನಲ್ಲಿ ಕೇಳಿದ್ದಕ್ಕೆ ನಿಮ್ಮ ಕಣ್ಣಿಗೆ ಬಂದದ್ದು ಜಾಲರಿಯೋ, ಮಣ್ಣೋ? ಯಾವ ಊರಿನವರು ಅಂತಲೂ ಬರೆಯಿರಿ. ಚೀಟಿ ಶನಿವಾರ ಜೆರಾಕ್ಸಿಗೆ ಹೋಗುತ್ತದೆ.