ಮುಂಗಾಲು ಊರುತ್ತಿಲ್ಲ, ಲ್ಯಾಮಿನೈಟಿಸ್ ಅಂದರು: ಕುದುರೆ ಡಾಕ್ಟರ್ ಜೊತೆ ಭಾನುವಾರದ ಪ್ರಶ್ನೋತ್ತರ

ಶ್ರೀರಂಗಪಟ್ಟಣದ ಸದಸ್ಯ: ಮೇಡಂ ನಮಸ್ಕಾರ. ನಮ್ಮದು ಮೆರವಣಿಗೆಗೆ ಹೋಗುವ ಹೆಣ್ಣು ಕುದುರೆ, 9 ವರ್ಷ. ಬುಧವಾರ ರಾತ್ರಿ ಹಗ್ಗ ಬಿಚ್ಚಿಕೊಂಡು ಮೆಕ್ಕೆಜೋಳದ ಚೀಲಕ್ಕೆ ಬಾಯಿ ಹಾಕಿದೆ. ಆರೇಳು ಕೆ.ಜಿ. ತಿಂದಿರಬಹುದು. ಶುಕ್ರವಾರ ಬೆಳಗ್ಗೆಯಿಂದ ಮುಂಗಾಲು ಊರುತ್ತಿಲ್ಲ. ಬಂದ ಡಾಕ್ಟರ್ ಲ್ಯಾಮಿನೈಟಿಸ್ ಅಂದರು, ನೋವಿಗೆ ಪೌಡರ್ ಕೊಟ್ಟರು, ಎಕ್ಸ್‌ರೇ ಮಾಡಿಸಿ ಅಂದರು. ಕಾಲಲ್ಲಿ ಗಾಯ ಇಲ್ಲ, ಊತ ಇಲ್ಲ. ಜೋಳ ತಿಂದರೆ ಕಾಲಿಗೆ ಹೇಗೆ ಬರುತ್ತೆ? ಮುಂದಿನ ವಾರ ಎರಡು ಮದುವೆ ಒಪ್ಪಿಕೊಂಡಿದ್ದೇನೆ.

ಡಾಕ್ಟರ್: ಮೊದಲು ಆ ಎರಡು ಮದುವೆಗೆ ಬೇರೆ ಕುದುರೆ ನೋಡಿ. ಉಳಿದದ್ದನ್ನು ಸಮಾಧಾನವಾಗಿ ಓದಿ.

ಗೊರಸಿನೊಳಗೆ ಒಂದು ಮೂಳೆ ಇದೆ. ಅದು ಗೊರಸಿನ ತಳದ ಮೇಲೆ ಕೂತಿಲ್ಲ, ಗೊರಸಿನ ಗೋಡೆಗೆ ಅಂಟಿಕೊಂಡು ತೂಗುತ್ತಿರುತ್ತೆ. ಎರಡು ಪುಸ್ತಕಗಳ ಹಾಳೆಗಳನ್ನು ಒಂದರೊಳಗೊಂದು ಸೇರಿಸಿದರೆ ಎಳೆದರೂ ಬಿಡೋದಿಲ್ಲ ನೋಡಿ, ಹಾಗೆ. ಒಂದೊಂದು ಗೊರಸಲ್ಲೂ ಇಂಥ ಪದರ ಸುಮಾರು 550ರಿಂದ 600 ಇವೆ. ಅವುಗಳ ಹಿಡಿತ ಸಡಿಲವಾಗುವುದೇ ಲ್ಯಾಮಿನೈಟಿಸ್.

ನಿಮ್ಮ ಕುದುರೆಗೆ ಜೋಳದ ಪಿಷ್ಟ ಪೂರ್ತಿ ಅರಗಲಿಲ್ಲ. ಹಾಗೇ ದೊಡ್ಡ ಕರುಳಿಗೆ ಹೋಗಿ ಹುಳಿಯಿತು. ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತವು, ವಿಷ ರಕ್ತಕ್ಕೆ ಸೇರಿತು, ಗೊರಸಿನ ಆ ಪದರಗಳು ಹಾಳಾಗಲು ಶುರುವಾದವು. ತಿಂದು ಒಂದೆರಡು ದಿನಕ್ಕೆ ಕುಂಟು ಕಾಣುವುದು ಇದಕ್ಕೇ. ಮೈಯ ಭಾರದ ಹೆಚ್ಚಿನ ಪಾಲು, ಅಂದರೆ ನೂರಕ್ಕೆ ಸುಮಾರು 60 ಭಾಗ, ಮುಂಗಾಲಿನ ಮೇಲೆ. ಹಾಗಾಗಿ ಪೆಟ್ಟು ಮೊದಲು ಅಲ್ಲಿಗೆ. ಮೇಲಿನಿಂದ ಭಾರ ಒತ್ತುತ್ತೆ, ಹಿಂದಿನಿಂದ ದೊಡ್ಡ ಸ್ನಾಯುರಜ್ಜು ಮೂಳೆಯನ್ನು ಎಳೆಯುತ್ತೆ. ಹಿಡಿತ ತಪ್ಪಿದರೆ ಮೂಳೆಯ ತುದಿ ಕೆಳಗೆ ತಿರುಗುತ್ತೆ. ಅದನ್ನೇ ರೊಟೇಶನ್ ಅನ್ನುತ್ತಾರೆ. ಇನ್ನೂ ಕೆಟ್ಟದ್ದೆಂದರೆ ಇಡೀ ಮೂಳೆ ಕೆಳಗೆ ಕುಸಿಯುವುದು.

ಇವತ್ತೇ ಮಾಡಬೇಕಾದ್ದು: ಜೋಳ, ಹುರುಳಿ, ಬೂಸಾ, ಬೆಲ್ಲ ಪೂರ್ತಿ ಬಂದ್. ಒಣಹುಲ್ಲನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಕೊಡಿ. ಸಕ್ಕರೆ ಅಂಶ ಕಡಿಮೆಯಾಗುತ್ತೆ. ನಿಂತ ಜಾಗಕ್ಕೆ ಅರ್ಧ ಅಡಿ ಮರಳು ಹಾಕಿ. ಮಲಗಿದರೆ ಎಬ್ಬಿಸಬೇಡಿ. ಲಾಳ ಈಗಲೇ ಕೀಳಿಸಬೇಡಿ, ಎಕ್ಸ್‌ರೇ ನೋಡಿ ತೀರ್ಮಾನಿಸೋಣ. ಐಸ್ ಬುಧವಾರ ರಾತ್ರಿಯೇ ಕಟ್ಟಿದ್ದರೆ ತುಂಬಾ ಉಪಯೋಗವಿತ್ತು. ಈಗಲೂ ಒಂದೆರಡು ದಿನ ಮೊಣಕಾಲ ಕೆಳಗಿನಿಂದ ಗೊರಸಿನವರೆಗೆ ಮುಚ್ಚುವ ಹಾಗೆ ಇಡಿ, ಕರಗಿದಂತೆ ತುಂಬುತ್ತಿರಿ.

ನನಗೆ ಎರಡು ವಿಷಯ ಬೇಕು. ಗಿಣ್ಣಿನ, ಅಂದರೆ ಗೊರಸಿನ ಮೇಲಿರುವ ಕೀಲಿನ, ಹಿಂದೆ ಎರಡೂ ಪಕ್ಕ ಬೆರಳಿಟ್ಟರೆ ನಾಡಿ ಜೋರಾಗಿ ಹೊಡೀತಿದೆಯಾ? ಕೂದಲು ಮುಗಿದು ಗೊರಸು ಶುರುವಾಗುವ ಗೆರೆ ಇದೆಯಲ್ಲ, ಅದರ ಮೇಲೆ ಬೆರಳು ಸವರಿ. ಸಮ ಇದೆಯಾ, ಹಳ್ಳ ಸಿಗುತ್ತಾ?

ಹುಬ್ಬಳ್ಳಿಯ ಸದಸ್ಯ: ಡಾಕ್ಟ್ರ ರೀ, ನಮ್ಮ ಕುದುರೀನೂ ಕುಂಟಾಕ್ಹತ್ತೈತಿ. ನಿನ್ನೆಯಿಂದ, ಎಡ ಹಿಂಗಾಲು ಒಂದ. ಇದೂ ಲ್ಯಾಮಿನೈಟಿಸ್ ಏನ್ರಿ?

ಡಾಕ್ಟರ್: ಒಂದೇ ಕಾಲು, ದಿಢೀರ್ ಅಂದರೆ ಹೆಚ್ಚಾಗಿ ಗೊರಸಿನೊಳಗೆ ಕೀವು. ಮೊಳೆ ಚುಚ್ಚಿಕೊಂಡಿದ್ದರೆ ನೀವೇ ಕೀಳಬೇಡಿ, ಎಲ್ಲಿವರೆಗೆ ಹೋಗಿದೆ ಅಂತ ಎಕ್ಸ್‌ರೇಯಲ್ಲಿ ನೋಡಬೇಕು. ಧನುರ್ವಾಯು ಇಂಜೆಕ್ಷನ್ ಹಾಕಿಸಿ.

ತುಮಕೂರಿನ ಸದಸ್ಯ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ: ಎಕ್ಕದ ಎಲೆ ಬಿಸಿ ಮಾಡಿ ಗೊರಸಿಗೆ ಕಟ್ಟಿ, ಬೇವಿನೆಣ್ಣೆ ಸವರಿ, ಮೂರು ದಿನದಲ್ಲಿ ಗುಣ. ಇಲ್ಲದಿದ್ದರೆ ಗಿಣ್ಣಿಗೆ ಬರೆ ಹಾಕಿಸಿ.

ಡಾಕ್ಟರ್: ಬರೆ ಹಾಕಬೇಡಿ. ತೊಂದರೆ ಗೊರಸಿನ ಒಳಗೆ, ಸುಡುವುದು ಚರ್ಮವನ್ನು. ನೋವಿರುವ ಪ್ರಾಣಿಗೆ ಇನ್ನೊಂದು ನೋವು ಅಷ್ಟೆ. ಎಲೆ, ಎಣ್ಣೆ ಕೂಡ ಒಳಗಿನ ಪದರಕ್ಕೆ ತಲುಪುವುದಿಲ್ಲ. ಅದಕ್ಕೆ ಮೂರು ದಿನ ಕಾದರೆ ಮೂಳೆ ಅಷ್ಟರಲ್ಲಿ ಜಾರಿರುತ್ತೆ.

ತುಮಕೂರಿನ ಸದಸ್ಯ: ನಮ್ಮ ತಾತನ ಕಾಲದಿಂದ ಮಾಡ್ತಾ ಇದ್ದಾರೆ ಮೇಡಂ.

ಮಂಡ್ಯದ ಸದಸ್ಯ: ಅಷ್ಟೆಲ್ಲಾ ಯಾಕೆ? ಡೈಕ್ಲೋಫೆನಾಕ್ ಒಂದು ಹೊಡೆಸಿ. ನೋವು ಹೋದರೆ ನಡೆಯುತ್ತೆ.

ಡಾಕ್ಟರ್: ಪ್ರಾಣಿಗಳಿಗೆ ಆ ಔಷಧಿ 2006ರಲ್ಲೇ ನಿಷೇಧವಾಗಿದೆ. ಆ ಔಷಧಿ ಹಾಕಿದ್ದ ಜಾನುವಾರು ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಹೋಗಿ ಸತ್ತವು. ರಾಮನಗರದ ರಾಮದೇವರಬೆಟ್ಟದಲ್ಲಿ ರಣಹದ್ದು ಧಾಮ ಮಾಡಿ ಉಳಿದ ಕೆಲವನ್ನು ಕಾಯುತ್ತಿದ್ದಾರೆ. ಅಲ್ಲದೆ ಇವರ ಕುದುರೆಗೆ ಆಗಲೇ ಒಂದು ನೋವಿನ ಪೌಡರ್ ನಡೀತಿದೆ. ಮೇಲೊಂದು ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೂ ಪೆಟ್ಟು. ಇಲ್ಲಿ ಔಷಧಿ ಹೆಸರು ಬರೆಯಬೇಡಿ ದಯವಿಟ್ಟು.

ಮೈಸೂರಿನ ಟಾಂಗಾದವರು: ಮೇಡಂ, ನಮ್ಮಪ್ಪ ಇಂಥ ಕುದುರೇನ ಬೆಳಗ್ಗೆ ಸಂಜೆ ನಡೆಸೋರು. ರಕ್ತ ಓಡಾಡಬೇಕು ಅಲ್ವಾ?

ಡಾಕ್ಟರ್: ಬೇಡ. ಈ ಹಂತದಲ್ಲಿ ಪ್ರತಿ ಹೆಜ್ಜೆಯೂ ಸಡಿಲವಾದ ಪದರವನ್ನು ಹರಿಯುತ್ತೆ.

ಬೆಂಗಳೂರಿನ ಸದಸ್ಯೆ: ಟಾರ್ ರೋಡಲ್ಲಿ ದಿನವಿಡೀ ಓಡಿಸಿದರೆ ಇನ್ನೇನಾಗುತ್ತೆ? ಟಾಂಗಾ, ಮೆರವಣಿಗೆ ಎಲ್ಲಾ ನಿಲ್ಲಿಸಬೇಕು. ನೋಡಿಕೊಳ್ಳಲು ಆಗದವರಿಗೆ ಕುದುರೆ ಯಾಕೆ?

ಮೈಸೂರಿನ ಟಾಂಗಾದವರು: ಅಮ್ಮಾ, ನಾವು ಉಣ್ಣೋ ಮುಂಚೆ ಕುದುರೆಗೆ ಹಾಕ್ತೀವಿ. ಸುಮ್ನೆ ಮಾತಾಡಬೇಡಿ.

ಬೆಂಗಳೂರಿನ ಸದಸ್ಯೆ: ಹಾಕಿದ್ದು ಜಾಸ್ತಿ ಆಗಿಯೇ ಈ ಗತಿ ಬಂದಿದ್ದು.

ಕುಣಿಗಲ್‌ನ ಸದಸ್ಯ: ಅಮೆರಿಕದ ಸೆಕ್ರೆಟೇರಿಯಟ್ ಹೆಸರು ಕೇಳಿದ್ದೀರಾ? 1973ರ ಟ್ರಿಪಲ್ ಕ್ರೌನ್, ಅಂದರೆ ಅಲ್ಲಿನ ಮೂರು ದೊಡ್ಡ ರೇಸು, ಗೆದ್ದ ಕುದುರೆ. ಅದಕ್ಕೂ ಇದೇ ಕಾಯಿಲೆ ಬಂದು 1989ರಲ್ಲಿ ದಯಾಮರಣ ಕೊಟ್ಟರು. ಅದನ್ನು ಯಾರೂ ಟಾಂಗಾಕ್ಕೆ ಕಟ್ಟಿರಲಿಲ್ಲ.

ಬೆಂಗಳೂರಿನ ಸದಸ್ಯೆ: ರೇಸಿನವರು ಟಾಂಗಾದವರ ಪರ ಮಾತಾಡುವುದು ಸಹಜ ಬಿಡಿ.

ಕುಣಿಗಲ್‌ನ ಸದಸ್ಯ: ನಾನು ರೇಸಿನವನಲ್ಲ, ಲಾಳ ಕಟ್ಟುವವನು. ಮಾತು ನೋಡಿ ಆಡಿ.

ಡಾಕ್ಟರ್: ಗಟ್ಟಿ ನೆಲದ ಮೇಲೆ ಜಾಸ್ತಿ ಓಡಿಸಿದರೂ ಲ್ಯಾಮಿನೈಟಿಸ್ ಬರುತ್ತೆ, ಅದು ನಿಜ. ಶ್ರೀರಂಗಪಟ್ಟಣದವರ ಕುದುರೆಗೆ ಬಂದದ್ದು ಜೋಳದಿಂದ. ಒಂದು ಕಾಲು ಮುರಿದು ಇನ್ನೊಂದರ ಮೇಲೆ ಭಾರ ಬಿದ್ದರೂ ಬರುತ್ತೆ. 2006ರಲ್ಲಿ ಅಮೆರಿಕದ ಕೆಂಟಕಿ ಡರ್ಬಿ ರೇಸ್ ಗೆದ್ದ ಕುದುರೆ ಬಾರ್ಬರೋಗೆ ಆದದ್ದು ಅದೇ. ಹುಬ್ಬಳ್ಳಿಯವರೇ, ನಿಮ್ಮ ಕುದುರೆಯ ಇನ್ನೊಂದು ಹಿಂಗಾಲಿನ ಮೇಲೂ ಕಣ್ಣಿಡಿ. ಟಾಂಗಾ ಜಗಳ ಬೇರೆ ಕಡೆ ಮಾಡಿಕೊಳ್ಳಿ, ಇಲ್ಲಿ ಒಂದು ಕುದುರೆ ನೋವಲ್ಲಿ ನಿಂತಿದೆ.

ಹಾಸನದ ಸದಸ್ಯ: ಮೇಡಂ, ಹುರುಳಿ ಬೇಯಿಸಿ ಕೊಟ್ಟರೆ ಆಗುತ್ತಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ದಾವಣಗೆರೆಯ ಸದಸ್ಯ: ಮಾರ್ವಾಡಿ ಕುದುರೆ ಮರಿ ಎಷ್ಟಕ್ಕೆ ಸಿಗುತ್ತೆ ಈಗ?

ಹಾಸನದ ಸದಸ್ಯ: ಬೇಯಿಸಿದ್ದರ ಬಗ್ಗೆ ಬರೆದಿಲ್ಲ ಮೇಡಂ. ಹಸಿಯದ್ದು ಮಾತ್ರ ಬೇಡ ಅಂತ ಅಲ್ವಾ?

ಡಾಕ್ಟರ್: ಬೇಯಿಸಿದ್ದೂ ಬೇಡ.

ಶ್ರೀರಂಗಪಟ್ಟಣದ ಸದಸ್ಯ: ಮೇಡಂ, ನೋಡಿದೆ. ನಾಡಿ ಎರಡೂ ಕಾಲಲ್ಲಿ ಟಕಟಕ ಹೊಡೀತಿದೆ. ಎಡಗಾಲ ಗೆರೆ ಸಮ ಇದೆ. ಬಲಗಾಲಲ್ಲಿ ಮುಂದುಗಡೆ ಬೆರಳ ತುದಿ ಕೂರುವಷ್ಟು ಹಳ್ಳ ಇದೆ. ಮುಂಗಾಲು ಮುಂದಕ್ಕೆ ಚಾಚಿ, ಹಿಂಗಾಲು ಹೊಟ್ಟೆಯಡಿ ತಂದುಕೊಂಡು ಹಿಂದಕ್ಕೆ ವಾಲಿ ನಿಂತಿದ್ದಾಳೆ. ಎಕ್ಸ್‌ರೇ ಮಂಗಳವಾರಕ್ಕೆ ಹೇಳಿದ್ದಾರೆ. ಇನ್ನೊಂದು, ಇಲ್ಲೊಬ್ಬರು ಸ್ಟೀರಾಯ್ಡ್ ಹಾಕೋಣ ಅಂತಿದ್ದಾರೆ.

ಡಾಕ್ಟರ್: ಸ್ಟೀರಾಯ್ಡ್ ಹಾಕಿಸಬೇಡಿ. ಮಂಗಳವಾರದವರೆಗೆ ಕಾಯಲೂ ಬೇಡಿ. ಆ ಹಳ್ಳ ಇದ್ದರೆ ಬಲಗಾಲ ಮೂಳೆ ಕುಸಿಯುತ್ತಿದೆ ಅಂತ ನನ್ನ ಅನುಮಾನ.

ಎಕ್ಸ್‌ರೇ ಪಕ್ಕದಿಂದ ತೆಗೆಯಬೇಕು, ಎರಡೂ ಮುಂಗಾಲು. ಕೂದಲ ಗೆರೆಯಿಂದ ಕೆಳಕ್ಕೆ ಗೊರಸಿನ ಮುಂಭಾಗಕ್ಕೆ ಒಂದು ತಂತಿ ಅಂಟಿಸಲು ಹೇಳಿ. ಆಗ ಮೂಳೆ ಎಷ್ಟು ತಿರುಗಿದೆ, ಎಷ್ಟು ಇಳಿದಿದೆ, ಅದರ ಕೆಳಗೆ ತಳ ಎಷ್ಟು ದಪ್ಪ ಉಳಿದಿದೆ, ಮೂರೂ ಗೊತ್ತಾಗುತ್ತೆ. ಎಷ್ಟು ಡಿಗ್ರಿ ತಿರುಗಿದೆ ಅನ್ನುವುದೊಂದನ್ನೇ ಕೇಳಿ ಸಮಾಧಾನಪಡಬೇಡಿ. ಮೂಳೆ ಸ್ವಲ್ಪ ತಿರುಗಿದ ಕುದುರೆಗಳು ಒಳ್ಳೆಯ ಲಾಳದ ಕೆಲಸದಿಂದ ಎಷ್ಟೋ ಸಲ ಸುಧಾರಿಸುತ್ತವೆ. ಗೊರಸು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತೆ. ಹೊಸ ಗೊರಸು ಪೂರ್ತಿ ಇಳಿಯಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಅಷ್ಟು ದಿನ ಸಂಪಾದನೆ ಇಲ್ಲದೆ ಸಾಕಲು ಆಗುತ್ತಾ ಅಂತ ಮನೆಯಲ್ಲಿ ಈಗಲೇ ಮಾತಾಡಿ. ಮೂಳೆ ತಳ ತೂತು ಮಾಡಿಕೊಂಡು ಹೊರಬಂದಿದ್ದರೆ, ಔಷಧಿ ಕೊಟ್ಟರೂ ಅವಳು ಮೇವು ಬಿಟ್ಟು ಮಲಗೇ ಇದ್ದರೆ, ದಯಾಮರಣದ ಮಾತು ನಾನೇ ಎತ್ತುತ್ತೇನೆ. ಇವತ್ತು ಆ ಮಾತಿಲ್ಲ.

ಅವಳನ್ನು ಗಾಡಿಗೆ ಹತ್ತಿಸಬೇಡಿ, ಮಷಿನ್ನೇ ಲಾಯಕ್ಕೆ ಬರಬೇಕು. ನಿಮ್ಮ ಡಾಕ್ಟರಿಗೆ ನನ್ನ ನಂಬರ್ ಕೊಟ್ಟು ಈಗಲೇ ಫೋನ್ ಮಾಡಲು ಹೇಳಿ.