ಪಾಲ್ ಸೈಮನ್ ಅವರ ‘ಸೆವೆನ್ ಸಾಮ್ಸ್’: ಇದರಲ್ಲಿ ಹಾಡು ಎಲ್ಲಿದೆ?

ಪ್ರಶ್ನೆ – ರಾಯಚೂರಿನಿಂದ

ಅಮೆರಿಕದ ಗಾಯಕ, ಗೀತರಚನೆಕಾರ ಪಾಲ್ ಸೈಮನ್ ಅವರ ಹಾಡುಗಳನ್ನು ನಾನು ಮೂವತ್ತೈದು ವರ್ಷಗಳಿಂದ ಕೇಳುತ್ತ ಬಂದವನು. ಇಂಗ್ಲಿಷ್ ಮಾಸ್ತರನಾಗಿ ಸೇರಿದ ಹೊಸದರಲ್ಲಿ ಬೆಂಗಳೂರಿನಿಂದ ತಂದ ‘ಗ್ರೇಸ್‌ಲ್ಯಾಂಡ್’ ಕ್ಯಾಸೆಟ್ಟು, ಅದರ ಟೇಪು ಸುಕ್ಕುಗಟ್ಟಿ ಕೊನೆಯ ಹಾಡು ನೀರಿನೊಳಗಿಂದ ಬಂದಂತೆ ಕೇಳತೊಡಗುವವರೆಗೂ ನಮ್ಮ ಮನೆಯಲ್ಲಿ ಓಡಿತು. ಆಮೇಲೆ 1990ರ ‘ದಿ ರಿದಮ್ ಆಫ್ ದಿ ಸೇಂಟ್ಸ್’ ಬಂದಿತು, 2016ರ ‘ಸ್ಟ್ರೇಂಜರ್ ಟು ಸ್ಟ್ರೇಂಜರ್’ ಬಂದಿತು. ನಡುವಿನ ಯಾವುದನ್ನೂ ನಾನು ಬಿಟ್ಟವನಲ್ಲ. 2018ರಲ್ಲಿ ಅವರು ನ್ಯೂಯಾರ್ಕಿನಲ್ಲಿ ವಿದಾಯದ ಕಛೇರಿ ನಡೆಸಿದಾಗ, ಇನ್ನು ಹೊಸದೇನೂ ಬರಲಾರದೆಂದು ನಾನು ಲೆಕ್ಕ ಮುಗಿಸಿಬಿಟ್ಟಿದ್ದೆ.

ಅವರು ತಮ್ಮ 81ನೆಯ ವಯಸ್ಸಿನಲ್ಲಿ, 2023ರ ಮೇ ತಿಂಗಳಲ್ಲಿ ಹೊರತಂದ ‘ಸೆವೆನ್ ಸಾಮ್ಸ್’ ಆಲ್ಬಮನ್ನು ನಾನು ಕೇಳಿದ್ದು ಬಹಳ ತಡವಾಗಿ, ಈ ಬೇಸಿಗೆಯಲ್ಲಿ. ಐದು ಸಲ ಹಾಕಿ ನೋಡಿದೆ. ಏಳು ಭಾಗಗಳನ್ನು ಬಿಡಿಸಲಾಗದಂತೆ ಹೆಣೆದು, 33 ನಿಮಿಷಗಳ ಒಂದೇ ಟ್ರ್ಯಾಕನ್ನಾಗಿ ಕೊಟ್ಟಿದ್ದಾರೆ. ಗಿಟಾರ್ ನುಡಿಯುತ್ತದೆ, ಮುದುಕರೊಬ್ಬರು ಅರೆ ಹಾಡು ಅರೆ ಮಾತು ಎನ್ನುವಂತೆ ಏನನ್ನೋ ಹೇಳಿಕೊಳ್ಳುತ್ತಾರೆ, ದೂರದಲ್ಲಿ ಗಂಟೆಯಂಥ ನಾದವೊಂದು ಬಂದು ಹೋಗುತ್ತದೆ. ಕೇಳಿ ಎದ್ದ ಮೇಲೆ ಗುನುಗಲು ಒಂದು ಸಾಲೂ ನಾಲಿಗೆಯ ಮೇಲೆ ಉಳಿಯುವುದಿಲ್ಲ. ಇದರಲ್ಲಿ ಯಾವ ಹಾಡು ಚೆನ್ನಾಗಿದೆ ಎಂದು ಮಗಳು ಕೇಳಿದಾಗ ಬಾಯಿಗೆ ಒಂದು ಹೆಸರೂ ಬಾರದೆ ಮುಜುಗರವಾಯಿತು. ಅದು ಸಾಲದೆಂಬಂತೆ, ನಾನು ಪುಕ್ಕಟೆಯಾಗಿ ಕೇಳುತ್ತಿರುವ ಕಡೆ ನಡುನಡುವೆ ಬೋರ್‌ವೆಲ್ ಮೋಟರಿನ ಜಾಹೀರಾತು ಬೇರೆ ನುಗ್ಗುತ್ತದೆ.

ನನ್ನ ಜೊತೆಯವರು ಇದನ್ನು ವಯಸ್ಸಿನ ದಣಿವು ಎಂದು ತಳ್ಳಿಹಾಕುತ್ತಾರೆ. ಹಾಗೆನ್ನಲು ನನಗೆ ಮನಸ್ಸಿಲ್ಲ, ಆದರೆ ಹಾಗಲ್ಲ ಎನ್ನಲು ಆಧಾರವೂ ಸಿಗುತ್ತಿಲ್ಲ. ಅವರನ್ನು ಬಹುಕಾಲದಿಂದ ಕೇಳಿದವರು ಈ ಭಾಗದಲ್ಲಿ ಯಾರಾದರೂ ಇದ್ದರೆ, ಇದನ್ನು ಹೇಗೆ ಕೇಳಬೇಕೆಂದು ದಯವಿಟ್ಟು ತಿಳಿಸಿರಿ.

ಉತ್ತರ – ಮಾನ್ವಿಯಿಂದ

ಮಾಸ್ತರರೇ, ನೀವು ಹಾಡನ್ನು ಹುಡುಕುತ್ತಿದ್ದೀರಿ, ಅವರು ಕೊಟ್ಟಿರುವುದು ಸುಳಾದಿಯನ್ನು, ಅಂದರೆ ಹಲವು ತಾಳಗಳನ್ನು ಹೆಣೆದ ದಾಸರ ದೀರ್ಘ ರಚನೆಯಂಥದ್ದನ್ನು. ತಮಾಷೆಗೆ ಹೇಳುತ್ತಿಲ್ಲ. ನಿಮ್ಮ ಜಿಲ್ಲೆಯವರೇ ಆದ, ನಮ್ಮ ಚೀಕಲಪರವಿಯ ವಿಜಯದಾಸರನ್ನು ‘ಸುಳಾದಿ ದಾಸರು’ ಎಂದು ಕರೆಯುವುದು ತಮಗೆ ಗೊತ್ತೇ ಇದೆ. ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿವಿಡಿ, ಅಟ್ಟ, ಆದಿ ಎಂದು ತಾಳದಿಂದ ತಾಳಕ್ಕೆ ಸಾಗಿ ಕೊನೆಗೆ ಎರಡು ಸಾಲಿನ ಜತೆಯಲ್ಲಿ ಬಂದು ನಿಲ್ಲುವ ಆ ರಚನೆಯಲ್ಲಿ ‘ಯಾವ ಹಾಡು ಚೆನ್ನಾಗಿದೆ’ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ನಡುವಿನ ಒಂದು ನುಡಿಯನ್ನು ಎತ್ತಿ ತೆಗೆದರೆ ಹಿಂದಿನದಕ್ಕೂ ಮುಂದಿನದಕ್ಕೂ ಸಂಬಂಧ ಕಡಿದುಹೋಗುತ್ತದೆ.

ನಮ್ಮ ತಾಯಿಯವರ ಭಜನಾ ಮಂಡಳಿಯಲ್ಲಿ ಸುಳಾದಿ ನಡೆಯುವಾಗ ನಾನು ಹಿಂದೆ ಕುಳಿತು ನೋಡುವುದು ಒಂದನ್ನೇ. ಒಂದು ತಾಳ ಮುಗಿದು ಇನ್ನೊಂದು ಹಿಡಿಯುವ ಹೊತ್ತಿಗೆ, ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರ ತಾಳದ ಕೈ ಅರೆಕ್ಷಣ ಗಾಳಿಯಲ್ಲೇ ನಿಲ್ಲುತ್ತದೆ. ಅವರು ಪಕ್ಕದವರ ತುಟಿ ನೋಡಿ, ತಲೆಯಾಡಿಸಿ, ಆಮೇಲೆ ತಾಳ ಹಾಕುತ್ತಾರೆ. ‘ಸೆವೆನ್ ಸಾಮ್ಸ್’ನಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ಜಾಗಗಳೆಲ್ಲ ನನಗೆ ಆ ಕೈಯಂತೆಯೇ ಕೇಳಿಸುತ್ತವೆ.

ಇನ್ನೊಂದು ಸಂಗತಿ ಇದೆ. ಪುರಂದರದಾಸರು ಸ್ವಪ್ನದಲ್ಲಿ ಬಂದು ವಿಜಯದಾಸರಿಗೆ ‘ವಿಜಯವಿಠಲ’ ಎಂಬ ಅಂಕಿತವನ್ನು ಕೊಟ್ಟರೆಂಬ ಪ್ರತೀತಿ ನಮ್ಮಲ್ಲಿ ಮನೆಮನೆಯ ಮಾತು. ಸೈಮನ್ ಹೇಳಿಕೊಂಡಿರುವುದೂ ಹೆಚ್ಚು ಬೇರೆಯಾಗಿಲ್ಲ. 2019ರ ಜನವರಿ 15ರ ರಾತ್ರಿ, ನೀನು ‘ಸೆವೆನ್ ಸಾಮ್ಸ್’ ಎಂಬ ಕೃತಿಯನ್ನು ರಚಿಸುತ್ತಿದ್ದೀಯೆ ಎಂದು ಅವರಿಗೆ ಕನಸಾಯಿತಂತೆ. ಎದ್ದು ಅದನ್ನು ಬರೆದಿಟ್ಟರು. ಮುಂದೆ ವಾರದಲ್ಲಿ ಎರಡು ಮೂರು ದಿನ ನಸುಕಿನ ಮೂರೂವರೆಯಿಂದ ಐದು ಗಂಟೆಯ ನಡುವೆ ಎಚ್ಚರವಾದಾಗ ಹೊಳೆದ ಮಾತುಗಳನ್ನು ಬರೆದುಕೊಳ್ಳುತ್ತ ಹೋದರು. ಅಂಥ ಹೊತ್ತಿನಲ್ಲಿ ಹುಟ್ಟಿದ್ದನ್ನು ಮಧ್ಯಾಹ್ನ ಊಟವಾದ ಮೇಲೆ ಫ್ಯಾನಿನ ಕೆಳಗೆ ಕೇಳಿದರೆ ಮಾತೆಲ್ಲ ಫ್ಯಾನಿನ ಪಾಲಾಗುತ್ತದೆ.

ಉತ್ತರ – ಸಿಂಧನೂರಿನಿಂದ

ಜಾಹೀರಾತು ನುಗ್ಗುವ ಕಡೆ ಈ ಆಲ್ಬಮನ್ನು ಕೇಳಲೇಬೇಡಿರಿ. ಯಾರೂ ಒಂದು ತುಣುಕನ್ನು ಆರಿಸಿಕೊಂಡು ಕೇಳಬಾರದೆಂದೇ ಒಂದೇ ಟ್ರ್ಯಾಕ್ ಮಾಡಿರುವಾಗ, ಮೋಟರಿನವರು ನಡುವೆ ಬಂದು ಅದನ್ನು ತುಂಡರಿಸಿದರೆ ನಿಮಗೆ ಉಳಿಯುವುದೇನು? ದುಡ್ಡು ಕೊಟ್ಟು ಇಳಿಸಿಕೊಳ್ಳಿರಿ. ಮಿಕ್ಕ ಚರ್ಚೆ ಆಮೇಲೆ.

ಉತ್ತರ – ಬಳ್ಳಾರಿಯಿಂದ

ಮಾನ್ವಿಯವರ ಹೋಲಿಕೆ ಕೇಳಲು ಸೊಗಸಾಗಿದೆ, ಆದರೆ ಅದು ನಿಲ್ಲಬೇಕಾದ ಜಾಗದಲ್ಲೇ ಕುಸಿಯುತ್ತದೆಂದು ಸಂಕೋಚದಿಂದಲೇ ಹೇಳಬೇಕಾಗಿದೆ. ಸುಳಾದಿಯ ಜೀವ ಇರುವುದು ತಾಳದಲ್ಲಿ, ಈ ಆಲ್ಬಮಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವುದೂ ತಾಳವೇ. ನಾವು ಸೈಮನ್ ಅವರಿಗೆ ಮರುಳಾದದ್ದು ಯಾತಕ್ಕೆ ಎಂಬುದನ್ನು ನೆನಪಿಸಿಕೊಳ್ಳೋಣ. ‘ಗ್ರೇಸ್‌ಲ್ಯಾಂಡ್’ಗಾಗಿ ಜೋಹಾನ್ಸ್‌ಬರ್ಗಿಗೆ ಹೋಗಿ, ಅಲ್ಲಿನ ವಾದಕರು ನುಡಿಸಿದ ಲಯವನ್ನು ಮೊದಲು ಧ್ವನಿಮುದ್ರಿಸಿಕೊಂಡು, ಅದರ ಮೇಲೆ ಮಾತು ಕೂರಿಸಿದ ಮನುಷ್ಯ ಅವರು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದ ಮೇಲಿದ್ದ ಸಾಂಸ್ಕೃತಿಕ ಬಹಿಷ್ಕಾರವನ್ನು ಮುರಿದರೆಂಬ ಟೀಕೆಯನ್ನೂ ಅದಕ್ಕಾಗಿ ಎದುರಿಸಿದರು. ಬ್ರೆಜಿಲ್‌ನ ಓಲೋಡಮ್ ತಂಡದ ನಗಾರಿಗಳಿಂದ ‘ದಿ ರಿದಮ್ ಆಫ್ ದಿ ಸೇಂಟ್ಸ್’ ಆಲ್ಬಮನ್ನು ಆರಂಭಿಸಿದವರೂ ಅವರೇ. ಆ ಲಯಗಾರ ಇಲ್ಲಿ ಕಾಣುತ್ತಿಲ್ಲ ಎನ್ನುವ ಮಾಸ್ತರರ ಕೊರಗು ನಿಜವಾದ ಕೊರಗೇ. ಅದನ್ನು ಬೆಳಗಿನ ಜಾವದ ಮಹಿಮೆಯಿಂದ ಮುಚ್ಚಿಹಾಕುವುದು ಬೇಡ.

ಆದರೂ ನಾನು ಈ ಆಲ್ಬಮಿನ ಪರವಾಗಿಯೇ ಇದ್ದೇನೆ, ಕಾರಣ ಮಾತ್ರ ಬೇರೆ. ನಾನು ಬೆಳೆದದ್ದು ಬಳ್ಳಾರಿಯ ಕ್ರೈಸ್ತ ಮನೆಯಲ್ಲಿ. ‘ಸಾಮ್ಸ್’ ಎಂದರೆ ಕನ್ನಡ ಬೈಬಲಿನಲ್ಲಿ ‘ಕೀರ್ತನೆಗಳು’ ಎಂಬುದು ಇಲ್ಲಿ ಎಷ್ಟು ಜನರಿಗೆ ಗೊತ್ತೋ ತಿಳಿಯದು. 1810ರಲ್ಲಿ ನಮ್ಮ ಊರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ಇಲ್ಲಿಯೇ ಕುಳಿತು ವರ್ಷಗಟ್ಟಲೆ ದುಡಿದರು; ದಾಸರ ಕೀರ್ತನೆಯ ಪದವೇ ದಾವೀದನ ಹಾಡಿಗೂ ಒದಗಿತೆನ್ನುವುದು ನನಗೆ ಮೊದಲಿನಿಂದಲೂ ಬೆರಗಿನ ಸಂಗತಿ. ಆ ನೂರೈವತ್ತು ಕೀರ್ತನೆಗಳನ್ನು ಓದಿದವರು, ಅಲ್ಲಿ ಸ್ತುತಿಯಷ್ಟೇ ದೂರೂ ತುಂಬಿದೆ ಎನ್ನುವುದನ್ನು ಬಲ್ಲರು. ಎಷ್ಟು ದಿನ ನನ್ನನ್ನು ಮರೆತಿರುವೆ, ಯಾಕೆ ಮುಖ ಮರೆಮಾಡಿಕೊಂಡಿರುವೆ ಎಂದು ಭಕ್ತನು ದೇವರನ್ನು ನಿಲ್ಲಿಸಿ ಕೇಳುತ್ತಾನೆ. ಸೈಮನ್ ಕೂಡ ದೇವರನ್ನು ಒಮ್ಮೆ ಅರಣ್ಯವೆಂದು, ಒಮ್ಮೆ ತನ್ನ ಧ್ವನಿಮುದ್ರಣದ ಉಸ್ತುವಾರಿಯೆಂದು ಕರೆದು, ಮರುಗಳಿಗೆಯಲ್ಲಿ ಕೋವಿಡ್ ವೈರಸ್ಸೂ ಏರುವ ಕಡಲೂ ಅವನೇ ಎನ್ನುತ್ತಾರೆ. ಅದನ್ನು ಮೊದಲ ಸಲ ಕೇಳಿದಾಗ ನನಗೆ ಕೋಪ ಬಂದಿತ್ತು. ನಮ್ಮ ತಂದೆಯವರು 2021ರಲ್ಲಿ ಅದೇ ರೋಗದಿಂದ ತೀರಿಕೊಂಡರು. ಈಗ ಆ ಸಾಲು ಬಂದಾಗ ಆಲ್ಬಮನ್ನು ನಿಲ್ಲಿಸುವುದಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಉತ್ತರ – ಕೊಪ್ಪಳದಿಂದ

ನಾನು ಮಕ್ಕಳಿಗೆ ಗಿಟಾರ್ ಹೇಳಿಕೊಡುವವನು, ಹಾಗಾಗಿ ನನ್ನ ಕಿವಿ ಮೊದಲು ಬೆರಳುಗಳ ಕಡೆಗೇ ಹೋಗುತ್ತದೆ. ಲಯಗಾರ ಇಲ್ಲವೆಂಬ ಬಳ್ಳಾರಿಯ ಹಿರಿಯರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಗಾರಿ ಇಲ್ಲ, ಸರಿ. ಆದರೆ ಹೆಬ್ಬೆರಳು ಕೆಳಗಿನ ಸ್ವರಗಳನ್ನು ನಡೆಸುತ್ತಿರುವಾಗ ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಅದಕ್ಕೆ ಎದುರಾಡುತ್ತಲೇ ಇರುತ್ತವೆ. ವೈದ್ಯರೋ ವಕೀಲರೋ ಅಭಿಪ್ರಾಯ ಕೊಡುವ ಧಾಟಿಯಲ್ಲಿ ತಮಾಷೆಯಾಗಿ ಸಾಗುವ ಮೂರನೆಯ ಭಾಗದಲ್ಲಿ ಬ್ಲೂಸ್ ನಡೆ ಎಷ್ಟು ಸ್ಪಷ್ಟವಾಗಿದೆಯೆಂದರೆ, ನನ್ನ ಹನ್ನೆರಡು ವರ್ಷದ ಶಿಷ್ಯ ಹೇಳದೆಯೇ ಕಾಲು ಕುಣಿಸಿದ.

ನಾವೆಲ್ಲ ‘ಗ್ರೇಸ್‌ಲ್ಯಾಂಡ್’ ಮೂಲಕ ಅವರ ಮನೆಯನ್ನು ಹೊಕ್ಕವರು. ಅದೇ ಮುಂಬಾಗಿಲೆಂದು ತಿಳಿದುಕೊಂಡಿದ್ದೇವೆ. ಅದು 1986ರ ಮಾತು, ಆಗ ಅವರಿಗೆ ನಲವತ್ತು ದಾಟಿತ್ತು. ಅದಕ್ಕೂ ಇಪ್ಪತ್ತು ವರ್ಷ ಮೊದಲು ಅವರು ಇಂಗ್ಲೆಂಡಿನ ಜಾನಪದ ಕ್ಲಬ್ಬುಗಳಲ್ಲಿ ಒಂಟಿ ಗಿಟಾರ್ ಹಿಡಿದು ತಿರುಗುತ್ತಿದ್ದ ಹುಡುಗ. ಅಲ್ಲಿನ ಜಾನಪದ ಗಾಯಕ ಮಾರ್ಟಿನ್ ಕಾರ್ತಿಯವರ ಬೆರಳಾಟವನ್ನು ನೋಡಿ ಕಲಿತದ್ದು, ಗಿಟಾರ್ ವಾದಕ ಡೇವಿ ಗ್ರೇಹಮ್ ಅವರ ‘ಆಂಜಿ’ ಎಂಬ ಕೃತಿಯನ್ನು ನುಡಿಸಿ ತಮ್ಮ ಆಲ್ಬಮಿಗೆ ಸೇರಿಸಿಕೊಂಡದ್ದು ಆ ಕಾಲದಲ್ಲಿ. 1965ರಲ್ಲಿ ಲಂಡನ್ನಿನಲ್ಲಿ ದನಿ ಮತ್ತು ಗಿಟಾರ್ ಇಷ್ಟರಲ್ಲೇ ಒಂದು ಇಡೀ ಆಲ್ಬಮನ್ನು ಮುಗಿಸಿದ್ದರು. ಅದನ್ನು ಒಮ್ಮೆ ಕೇಳಿ, ಅದರ ಹಿಂದೆಯೇ ‘ಸೆವೆನ್ ಸಾಮ್ಸ್’ ಹಾಕಿ ನೋಡಿರಿ. ಬೆರಳು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಜಾರುವಾಗ ತಂತಿ ‘ಚೀ’ ಎನ್ನುವ ಸದ್ದು ಕೂಡ ಅದೇ ಮನುಷ್ಯನದು. ದಣಿವಿನಿಂದ ವಾದ್ಯಗಳನ್ನು ಕೈಬಿಟ್ಟರು ಎನ್ನುವುದಕ್ಕಿಂತ, ಹೊರಟ ಓಣಿಗೇ ವಾಪಸು ಬಂದರು ಎನ್ನುವುದು ನನಗೆ ಸರಿಯೆನಿಸುತ್ತದೆ.

ಜೊತೆಗೆ, ದಣಿವಿನ ಮಾತಾಡುವವರಿಗೆ ಇದೂ ಗೊತ್ತಿರಲಿ. ಈ ಆಲ್ಬಮ್ ಸಿದ್ಧವಾಗುತ್ತಿರುವಾಗಲೇ ಅವರ ಎಡಗಿವಿಯ ಶ್ರವಣಶಕ್ತಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಹಾಗಿದ್ದೂ ಬಿಡಲಿಲ್ಲ, 2025ರಲ್ಲಿ ಸಣ್ಣ ಸಭಾಂಗಣಗಳನ್ನು ಆರಿಸಿಕೊಂಡು ಮತ್ತೆ ಪ್ರವಾಸ ಹೊರಟು, ಕಛೇರಿಯ ಮೊದಲರ್ಧವನ್ನು ಈ ಕೃತಿಗೇ ಮೀಸಲಿಟ್ಟು ಇಡಿಯಾಗಿ ಹಾಡಿದರು. ಹಳೆಯ ಹಾಡಿಗಾಗಿ ಬಂದವರು ಅರ್ಧ ಹೊತ್ತು ಕಾಯಬೇಕಾಯಿತು. ಆ ಧೈರ್ಯ ನಮ್ಮ ನಾಟಕ ಕಂಪನಿಯ ಮಾಲೀಕರಿಗೆ ಎಂದಾದರೂ ಬಂದೀತೇ!

ಮರುಮಾತು – ರಾಯಚೂರಿನಿಂದ

ಎಲ್ಲರಿಗೂ ವಂದನೆಗಳು. ಸಿಂಧನೂರಿನವರ ಮಾತಿನಂತೆ ದುಡ್ಡು ಕೊಟ್ಟು ಇಳಿಸಿಕೊಂಡೆ, ಮಾನ್ವಿಯವರ ಮಾತಿನಂತೆ ಹೊತ್ತನ್ನು ಬದಲಿಸಿದೆ. ಹಾಗೆ ನೋಡಿದರೆ ಈ ಬಿಸಿಲಿಗೆ ಮಾಳಿಗೆಯ ಮೇಲೆ ಮಲಗುವ ನನಗೆ ನಾಲ್ಕು ಗಂಟೆಗೆ ಎಚ್ಚರವಾಗುವುದು ಕಷ್ಟವೇನಲ್ಲ. ಹಾಸಿಗೆಯ ಮೇಲೆಯೇ ಕುಳಿತು, ಕಿವಿಗೆ ಹಚ್ಚಿಕೊಂಡು ಕೇಳಿದೆ.

ಬಳ್ಳಾರಿಯವರ ಪಕ್ಷವನ್ನು ನಾನು ಇನ್ನೂ ಬಿಟ್ಟಿಲ್ಲ. ನಗಾರಿಯ ಕೊರತೆ ನನಗೆ ಈಗಲೂ ಕಾಡುತ್ತದೆ, ನಡುವಿನ ಒಂದೆರಡು ಕಡೆ ಮನಸ್ಸು ತಪ್ಪಿಹೋದದ್ದೂ ನಿಜ. ಆದರೆ ಆರಂಭದ ಗಿಟಾರ್ ನುಡಿ ಮುಂದೆ ಮತ್ತೆ ಮರಳಿ ಬರುತ್ತದೆಂಬುದನ್ನು ನಾನು ಐದು ಸಲ ಕೇಳಿಯೂ ಗಮನಿಸಿರಲಿಲ್ಲ. ಈ ಸಲ ಅದು ಬಂದಾಗ ಪಲ್ಲವಿಗೆ ಬಂದಂತೆ ಗುರುತು ಸಿಕ್ಕಿತು. ತಾಯಿ ಮಗ ಇಬ್ಬರನ್ನು ದಾರಿಯಲ್ಲಿ ಗಾಡಿಗೆ ಹತ್ತಿಸಿಕೊಳ್ಳುವ ಭಾಗದಲ್ಲಿ ಒಂದು ಹೆಣ್ಣುದನಿ ಸೇರಿಕೊಳ್ಳುತ್ತದೆಯಲ್ಲ, ಅವರು ಸೈಮನ್ ಅವರ ಪತ್ನಿ ಈಡಿ ಬ್ರಿಕೆಲ್ ಎಂದು ಮಗಳು ಆಮೇಲೆ ಹುಡುಕಿ ಹೇಳಿದಳು. ಕೊನೆಯ ಭಾಗದಲ್ಲಿ, ಇನ್ನೂ ಸಿದ್ಧನಾಗಿಲ್ಲ, ಸ್ವಲ್ಪ ತಡೆ ಎಂದು ಅವರು ಬೇಡಿಕೊಳ್ಳುವಾಗಲೂ ಆ ದನಿ ಪಕ್ಕದಲ್ಲಿಯೇ ಇರುತ್ತದೆ. ‘ಆಮೆನ್’ ಎಂಬ ಮಾತಿನೊಂದಿಗೆ ಎಲ್ಲವೂ ನಿಲ್ಲುತ್ತದೆ.

ಆ ‘ಆಮೆನ್’ ನನ್ನ ಕಿವಿಗೆ ಬಿದ್ದದ್ದು ಇದೇ ಮೊದಲು. ಹಿಂದಿನ ಐದು ಸಲವೂ ಕಡೆಯ ಜಾಹೀರಾತು ಶುರುವಾದೊಡನೆ ಮುಗಿಯಿತೆಂದು ತಿಳಿದು ನಾನೇ ಆರಿಸಿಬಿಡುತ್ತಿದ್ದೆ.

ಮಾನ್ವಿಯವರೇ, ತಮ್ಮ ತಾಯಿಯವರ ಮಂಡಳಿಯಲ್ಲಿ ಮುಂದಿನ ಸುಳಾದಿ ಯಾವ ವಾರ ಎಂದು ತಿಳಿಸಿದರೆ, ಮೊದಲ ಬಸ್ಸಿಗೇ ಹೊರಟು ಬರುತ್ತೇನೆ.