ಅಪ್ಪ ಸ್ಟುಡಿಯೋ ಮುಚ್ಚುತ್ತಿದ್ದಾರೆ, ಹನ್ನೊಂದು ಟ್ರಂಕ್ ನೆಗೆಟಿವ್ ಏನು ಮಾಡೋದು?

ಕಲಬುರಗಿ ಮಗಳು:
ನಮಸ್ಕಾರ. ನಮ್ಮಪ್ಪ 1983ರಲ್ಲಿ ಕಲಬುರಗಿಯಲ್ಲಿ ಸ್ಟುಡಿಯೋ ಹಾಕಿದರು. ಈ ದೀಪಾವಳಿಗೆ ಮುಚ್ಚುತ್ತೇನೆ ಅಂತಿದ್ದಾರೆ. ಕಣ್ಣು ಮಂಜಾಗಿದೆ, ಪಾಸ್‌ಪೋರ್ಟ್ ಸೈಜ್ ಬಿಟ್ಟರೆ ಬೇರೆ ಕೆಲಸವೂ ಬರ್ತಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ಚಿಂತೆ ಅಟ್ಟದ ಮೇಲಿನ ಹನ್ನೊಂದು ಟ್ರಂಕ್. ತುಂಬಾ ನೆಗೆಟಿವ್. ಮದುವೆ, ಕುಬಸ, ಶರಣಬಸವೇಶ್ವರರ ತೇರು, ಬಂದೇನವಾಜರ ಉರುಸು, ತೀರಿಕೊಂಡವರನ್ನು ಕೂರಿಸಿ ತೆಗೆದ ಕೊನೆಯ ಫೋಟೋ ಕೂಡ. "ಯಾರು ಕೇಳ್ತಾರೆ, ಗುಜರಿಗೆ ಹಾಕು" ಅಂದರು. ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ. ಎರಡು ಟ್ರಂಕ್ ತೆಗೆದರೆ ಮೂಗಿಗೆ ಹುಳಿ ವಾಸನೆ ಹೊಡೆಯುತ್ತೆ. ಉಳಿಸೋಕೆ ಆಗುತ್ತಾ?

ಬೀದರ್ ಕಾಕಾ:
ಗುಜರಿಗೆ ಹಾಕಬೇಡ ತಂಗಿ. ನಾನೂ 38 ವರ್ಷ ಇದೇ ಕೆಲಸ ಮಾಡಿದವನು, ನಿಮ್ಮಪ್ಪ ಅವನ್ನು ಹೇಗೆ ತೊಳೆದಿರ್ತಾರೆ ಅಂತ ನನಗೆ ಗೊತ್ತು. ಕಪ್ಪು ಬಿಳುಪಿನ ಡೆವಲಪರ್, ಅಂದರೆ ಫಿಲ್ಮ್ ತೊಳೆದು ಚಿತ್ರ ಮೂಡಿಸೋ ದ್ರಾವಣ, 20 ಡಿಗ್ರಿ ಆಸುಪಾಸು ಇರಬೇಕು. ಮೇ ತಿಂಗಳಲ್ಲಿ ನಮ್ಮ ಕಡೆ ನಲ್ಲಿ ನೀರೇ ಕೈ ಸುಡುತ್ತೆ. ಐಸ್ ಗಡ್ಡೆ ತಂದು, ಕಟ್ಟಿಗೆ ಹೊಟ್ಟಿನಲ್ಲಿ ಮುಚ್ಚಿಟ್ಟು, ಬಕೆಟ್ ನೀರು ತಣ್ಣಗೆ ಮಾಡಿ ಅದರೊಳಗೆ ಫಿಲ್ಮ್ ತೊಳೆಯೋ ಟ್ಯಾಂಕ್ ಇಟ್ಟು ಕತ್ತಲಲ್ಲಿ ಬೆವರು ಸುರಿಸ್ತಾ ನಿಲ್ತಿದ್ದೆವು. ನೀರು ಬಿಸಿಯಾದರೆ ಫಿಲ್ಮ್ ಮೇಲಿನ ಪದರ ಮೆತ್ತಗಾಗಿ, ಬೆರಳು ತಾಕಿದರೆ ಕಿತ್ತು ಬರ್ತಿತ್ತು. ನನ್ನ ಮೊದಲ ವರ್ಷ ಒಂದು ಮದುವೆಯ ಮೂರು ರೋಲ್ ಹಾಗೇ ಹೋದವು. ಹುಡುಗಿಯ ಅಪ್ಪ ಬೈಯಲಿಲ್ಲ. ಅಂಗಡಿ ಮೆಟ್ಟಿಲ ಮೇಲೆ ಸುಮ್ನೆ ಕೂತುಬಿಟ್ಟರು.

ಯಾಶಿಕಾ ಕ್ಯಾಮೆರಾದಲ್ಲಿ 120 ಅನ್ನೋ ಸೈಜಿನ ಒಂದು ರೋಲ್ ಹಾಕಿದರೆ 12 ಫೋಟೋ, ಅಷ್ಟೇ. ಆಮೇಲೆ ಕಲರ್ ಬಂತು, ರೋಲ್ ಬಸ್ಸಿನಲ್ಲಿ ಹೈದರಾಬಾದ್ ಲ್ಯಾಬಿಗೆ ಹೋಗ್ತಿತ್ತು. ಆಮೇಲೆ ಡಿಜಿಟಲ್. 2012ರ ಜನವರಿಯಲ್ಲಿ ಫಿಲ್ಮ್ ಕಂಪನಿ ಕೊಡ್ಯಾಕ್ ದಿವಾಳಿ ಅರ್ಜಿ ಹಾಕಿದ ಸುದ್ದಿ ಓದಿದಾಗ ನನ್ನ ಡಾರ್ಕ್‌ರೂಮಿನಲ್ಲಿ ಆಗಲೇ ಕಂಪ್ಯೂಟರ್ ಕೂತಿತ್ತು, ಆದರೂ ಮನೆಯವರೇ ಯಾರೋ ಹೋದಷ್ಟು ಸಂಕಟ ಆಯ್ತು.

ಹುಳಿ ವಾಸನೆ ಅಂದರೆ ಫಿಲ್ಮಿನ ಅಸಿಟೇಟ್, ಅಂದರೆ ಅದರ ತಳದ ಪ್ಲಾಸ್ಟಿಕ್, ಹಾಳಾಗ್ತಿದೆ. ಪಕ್ಕದ ನೆಗೆಟಿವ್‌ಗೂ ಹತ್ತುತ್ತೆ. ಆ ಎರಡು ಟ್ರಂಕ್ ಇವತ್ತೇ ಬೇರೆ ಇಡು. ಪ್ಲಾಸ್ಟಿಕ್ ಕವರ್ ತೆಗೆದು ಪೇಪರ್ ಕವರಿಗೆ ಹಾಕು. ಅಟ್ಟ ಬೇಡ, ತಗಡಿನ ಕೆಳಗಂತೂ ಬೇಡವೇ ಬೇಡ, ತಂಪಾದ ಒಣ ಕೋಣೆಗೆ ತಾ.

ಶಹಾಪುರ ಕ್ಯಾಮೆರಾ:
ನಾನು ಯಾದಗಿರಿ ಕಡೆ ಮದುವೆ ಫೋಟೋ ತೆಗೆಯೋನು. ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳೋಕೆ ದುಬಾರಿ ಸ್ಕ್ಯಾನರ್ ಬೇಡ. ಹಾಲಿನ ಬಣ್ಣದ ಅಕ್ರಿಲಿಕ್ ಶೀಟ್ ಕೆಳಗೆ ಎಲ್‌ಇಡಿ ಲೈಟ್ ಇಡಿ, ಮೇಲೆ ನೆಗೆಟಿವ್, ಡಿಎಸ್‌ಎಲ್‌ಆರ್ ಕ್ಯಾಮೆರಾಗೆ ತೀರಾ ಹತ್ತಿರದಿಂದ ತೆಗೆಯೋ ಮ್ಯಾಕ್ರೋ ಲೆನ್ಸ್ ಹಾಕಿ ಸ್ಟ್ಯಾಂಡಿನಿಂದ ನೇರ ಕೆಳಗೆ ತೆಗೆಯಿರಿ. ಕಂಪ್ಯೂಟರಿನಲ್ಲಿ ಬಣ್ಣ ಉಲ್ಟಾ ಮಾಡಿದರೆ ಫೋಟೋ ಬರುತ್ತೆ. ಹುಳಿ ಬಂದವನ್ನೇ ಮೊದಲು ಮಾಡಿ. ಆದರೆ ಒಬ್ಬರೇ ಕೂತು ಮಾಡಬೇಡಿ, ಅಪ್ಪನನ್ನು ಪಕ್ಕ ಕೂರಿಸಿಕೊಳ್ಳಿ. ಅದು ಯಾರ ಮದುವೆ, ಯಾವ ಊರು ಅನ್ನೋದು ಅವರ ತಲೆಯಲ್ಲಿ ಮಾತ್ರ ಇದೆ. ಹೇಳಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ. ಮನೆಯವರನ್ನು ಕೇಳದೆ ಫೇಸ್‌ಬುಕ್ಕಿಗೆ ಹಾಕಬೇಡಿ, ಕೊನೆಯ ಫೋಟೋಗಳನ್ನಂತೂ.

ಕಲಬುರಗಿ ಮಗಳು:
ಕಾಕಾ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಐಸ್ ಗಡ್ಡೆ ಅಂದ ಕೂಡಲೇ ಎದ್ದು ಕೂತರು. ಆಮೇಲೆ ಒಂದು ನೆಗೆಟಿವ್ ಎತ್ತಿ ಕಿಟಕಿಗೆ ಹಿಡಿದು, "ಇದು ಆಳಂದ ಕಡೆಯ ಮದುವೆ, ಅಕ್ಷತೆ ಹೊತ್ತಿಗೆ ಮಳೆ ಬಂತು" ಅಂದರು. ಕಣ್ಣು ಮಂಜು ಅಂದವರು! ನಾಳೆ ಟ್ರಂಕ್ ಇಳಿಸುತ್ತೇವೆ. ಆ ಅಕ್ರಿಲಿಕ್ ಶೀಟ್ ಎಷ್ಟು ದಪ್ಪದ್ದು ತರಬೇಕು?